ಅಜ್ಜನ ಕತ್ತಿಗೆ ಯಾವ ಕಲ್ಲು?

ರಜೆಗೆ ಊರಿಗೆ ಹೋಗಿ ಬಂದವರ ಪೆಟ್ಟಿಗೆಯಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಬರುವುದು ಹೊಸದಲ್ಲ. ಈಚೆಗೆ ನಮ್ಮ ಬಳಗದಲ್ಲಿ ಇನ್ನೊಂದು ಸಾಮಾನೂ ಬರತೊಡಗಿದೆ. ಅಟ್ಟದ ಟ್ರಂಕಿನಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಕ್ಷೌರದ ಮಡಚುಕತ್ತಿ. ಅಜ್ಜನದೋ, ದೊಡ್ಡಪ್ಪನದೋ. ಹಿಡಿ ಹಳದಿಗಟ್ಟಿರುತ್ತದೆ, ಅಲಗಿನ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆ. ಬುಡದ ಹತ್ತಿರ ಕಣ್ಣು ಕಿರಿದು ಮಾಡಿ ಓದಿದರೆ ಜರ್ಮನಿಯ ಸೋಲಿಂಗೆನ್ ಅಥವಾ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹೆಸರು. ತಂದವರು ಕೇಳುವ ಮೊದಲ ಪ್ರಶ್ನೆ ಒಂದೇ: ಇದನ್ನು ಮಸೆಯಲು ಯಾವ ಕಲ್ಲು ತಗೊಳ್ಳಲಿ?

ಈ ಲೇಖನ ಆ ಪ್ರಶ್ನೆಗೆ ನಮ್ಮ ಉತ್ತರ. ನಾವು ಎಂದರೆ ಶುಕ್ರವಾರ ಬೆಳಗ್ಗೆ ಚಹಾದ ಜೊತೆ ಕಲ್ಲು, ಕತ್ತಿ ಇಟ್ಟುಕೊಂಡು ಕೂರುವ ನಾಲ್ಕೈದು ಮಂದಿ. ಒಬ್ಬರು ಫ್ಯಾಬ್ರಿಕೇಶನ್ ವರ್ಕ್‌ಶಾಪಿನವರು, ಒಬ್ಬರು ಮಾರ್ಬಲ್ ಕೆಲಸದವರು, ಒಬ್ಬರು ಟೆಲಿಕಾಂ ಕೇಬಲ್ ಕಡೆಯವರು, ಒಬ್ಬರು ಸಲೂನಿನವರು. ಅವಸರದಲ್ಲಿರುವವರಿಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಒಂದು 1000 ಗ್ರಿಟ್ ಕಲ್ಲು, ಒಂದು 4000/8000 ಜೋಡಿ ಕಲ್ಲು, ಅವೆರಡನ್ನೂ ಸಮತಟ್ಟಾಗಿ ಇಡುವ ಒಂದು ವ್ಯವಸ್ಥೆ, ಒಂದು ಚರ್ಮದ ಪಟ್ಟಿ. ಇಷ್ಟರಲ್ಲಿ ಹಾಯಾಗಿ ಗಡ್ಡ ಹೆರೆಯಬಹುದು. ಮಾರುವವರು ತೋರಿಸುವ 12000, 16000, 30000ದ ಸಂಖ್ಯೆಗಳಿಗೆ ಮೊದಲ ವರ್ಷ ಒಂದು ದಿರ್ಹಮ್ಮೂ ಹಾಕಬೇಡಿ. ಕತ್ತಿ ಹರಿತವಾಗುವುದು 1000ದ ಕಲ್ಲಿನ ಮೇಲೆ. ಮಿಕ್ಕ ಕಲ್ಲುಗಳೆಲ್ಲ ಆ ಹರಿತವನ್ನು ನುಣುಪು ಮಾಡುತ್ತವೆ, ಅಷ್ಟೆ. ಇದೊಂದು ಮಾತು ತಿಳಿಯದೆ ಎಷ್ಟೋ ಜನ ದುಡ್ಡು ಕಳೆದುಕೊಂಡಿದ್ದಾರೆ. ದುಡ್ಡು ಹೋದರೆ ಮುಂದಿನ ತಿಂಗಳ ಸಂಬಳದಲ್ಲಿ ನೋಡಿಕೊಳ್ಳಬಹುದು, ಅಜ್ಜನ ಕತ್ತಿಯಿಂದ ತೇದುಹೋದ ಉಕ್ಕು ಮಾತ್ರ ಮರಳಿ ಬರುವುದಿಲ್ಲ.

ಒಂದು ಗೊಂದಲವನ್ನು ಮೊದಲು ಬಿಡಿಸಿಕೊಳ್ಳೋಣ. ಇಲ್ಲಿನ ಸಲೂನುಗಳಲ್ಲಿ ನಮ್ಮ ಗಲ್ಲದ ಮೇಲೆ ಓಡುವ ಮಡಚುಕತ್ತಿಗೆ ಸ್ವಂತ ಅಲಗಿಲ್ಲ. ಅದು ಬ್ಲೇಡ್ ಹಿಡಿಯುವ ಹಿಡಿ ಮಾತ್ರ. ಅರ್ಧ ಬ್ಲೇಡ್ ಸಿಕ್ಕಿಸಿ, ಗಿರಾಕಿ ಎದ್ದ ಮೇಲೆ ಕಿತ್ತೆಸೆಯುತ್ತಾರೆ. ಊರಿನಲ್ಲೂ 1980–90ರ ದಶಕಗಳಲ್ಲಿ ಎಚ್‌ಐವಿಯ ಅರಿವು ಹರಡಿದಂತೆ ಅಂಗಡಿಗಳು ಇದಕ್ಕೆ ಬದಲಾದವು. ಅದಕ್ಕೆ ಕಲ್ಲು ಬೇಡ. ನಾವು ಹೇಳುತ್ತಿರುವುದು ಇಡೀ ಅಲಗೇ ಉಕ್ಕಿನದಾದ, ಮಸೆದು ಮಸೆದು ಮೂರು ತಲೆಮಾರು ಬಳಸಬಹುದಾದ ಹಳೆಯ ಕತ್ತಿಯ ಮಾತು.

ಆ ಕತ್ತಿಯ ರಚನೆಯಲ್ಲೇ ಒಂದು ಜಾಣತನವಿದೆ. ಅಡುಗೆಮನೆಯ ಚೂರಿಯನ್ನು ಮಸೆಯುವಾಗ ಕೋನವನ್ನು ನಮ್ಮ ಕೈಯೇ ಹಿಡಿಯಬೇಕು. ಕ್ಷೌರದ ಕತ್ತಿಯನ್ನು ಕಲ್ಲಿನ ಮೇಲೆ ಸುಮ್ಮನೆ ಅಡ್ಡ ಮಲಗಿಸಿದರೆ ಸಾಕು, ದಪ್ಪನೆಯ ಬೆನ್ನೂ ಕತ್ತಿಯ ಬಾಯಿಯೂ ಎರಡೂ ಕಲ್ಲನ್ನು ಮುಟ್ಟುತ್ತವೆ. ಬೆನ್ನೇ ಕೋನವನ್ನು ಹಿಡಿಯುತ್ತದೆ. ಪೆಟ್ಟಿಗೆಯ ಮೇಲೆ 6/8 ಎಂದು ಬರೆದಿದ್ದರೆ ಅಲಗಿನ ಅಗಲ ಅಂಗುಲದ ಎಂಟರಲ್ಲಿ ಆರು ಭಾಗ, ಅಂದರೆ ಸುಮಾರು 19 ಮಿಲಿಮೀಟರ್ ಎಂದರ್ಥ. ಅಂಥದ್ದಕ್ಕೆ ಬೆನ್ನು 5 ಮಿಲಿಮೀಟರಿನಷ್ಟು ದಪ್ಪವಿದ್ದರೆ ಬಾಯಿಯ ಕೋನ ಸುಮಾರು 15 ಡಿಗ್ರಿ ಬರುತ್ತದೆ. ಮಸೆದಂತೆ ಬಾಯಿಯೂ ಸವೆಯುತ್ತದೆ, ಬೆನ್ನೂ ಸವೆಯುತ್ತದೆ, ಹಾಗಾಗಿ ಕೋನ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಯಾರೋ ಹಿಂದೆ ಬೆನ್ನನ್ನು ಎತ್ತಿ ಹಿಡಿದು ಮಸೆದಿದ್ದರೆ, ಅಥವಾ ಒತ್ತಿ ಒತ್ತಿ ಬೆನ್ನನ್ನೇ ಚಪ್ಪಟೆ ಮಾಡಿದ್ದರೆ ಮಾತ್ರ ಕತ್ತಿ ಹಾದಿ ತಪ್ಪಿರುತ್ತದೆ. ಕೊಳ್ಳುವಾಗ, ಟ್ರಂಕಿನಿಂದ ತೆಗೆಯುವಾಗ ಮೊದಲು ನೋಡಬೇಕಾದದ್ದು ಬೆನ್ನನ್ನು. ಅಲ್ಲಿ ಎರಡೂ ಬದಿಯ ಸವೆತದ ಪಟ್ಟಿ ಕಿರಿದಾಗಿ, ಒಂದೇ ಅಗಲದಲ್ಲಿ ಇದ್ದರೆ ಕತ್ತಿ ಒಳ್ಳೆಯ ಕೈಯಲ್ಲಿ ಬಾಳಿದೆ ಎಂದು ತಿಳಿಯಿರಿ. ಬಾಯಿಯಲ್ಲಿ ಬಿರುಕಿದ್ದರೆ ಆ ಕತ್ತಿಯನ್ನು ಗೋಡೆಗೆ ಹಾಕಿ, ಮುಖಕ್ಕೆ ಬೇಡ.

ಈಗ ಕಲ್ಲಿಗೆ ಬರೋಣ. ಗ್ರಿಟ್ ಎಂಬುದು ಕಲ್ಲಿನೊಳಗಿನ ಕಣದ ನಯವನ್ನು ಹೇಳುವ ಸಂಖ್ಯೆ. ಸಂಖ್ಯೆ ಏರಿದಷ್ಟೂ ಕಣ ಸಣ್ಣದು. ಆದರೆ ಎಲ್ಲ ತಯಾರಕರಿಗೂ ಅಳತೆಗೋಲು ಒಂದೇ ಅಲ್ಲ. ನಾರ್ಟನ್‌ನ 8000ದ ಕಲ್ಲಿನ ಕಣ ಸುಮಾರು 3 ಮೈಕ್ರಾನ್, ಜಪಾನಿನ ಶಾಪ್ಟನ್ ಕಂಪನಿಯ ಗಾಜುಬೆನ್ನಿನ 8000ದ ಕಲ್ಲಿನ ಕಣ 1.84 ಮೈಕ್ರಾನ್. ಎರಡರ ಮೇಲೂ 8000 ಎಂದೇ ಬರೆದಿರುತ್ತದೆ. ನಮ್ಮ ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನಿನವರೆಗೆ ಇರುತ್ತದೆ ಎಂದರೆ ಯಾವ ಮಟ್ಟದ ನಯದ ಮಾತು ನಡೆದಿದೆ ಎಂದು ಅಂದಾಜಾಗುತ್ತದೆ. ಹಾಗಾಗಿ ಸಂಖ್ಯೆಗೆ ಮರುಳಾಗದೆ, ಸಾಧ್ಯವಾದರೆ ಮೈಕ್ರಾನ್ ಎಷ್ಟು ಎಂದು ಕೇಳಿ. ಹೆಸರಿಲ್ಲದ ಡಬ್ಬಿಯಲ್ಲಿ ಬರುವ, ಬದಿಗೆ 10000 ಎಂದು ಬಣ್ಣದಲ್ಲಿ ಮುದ್ರಿಸಿದ ಅಗ್ಗದ ಕಲ್ಲಿಗೆ ಈ ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲ.

1000ದ ಕಲ್ಲು ಮಾಡುವ ಕೆಲಸವನ್ನು ವರ್ಕ್‌ಶಾಪಿನವರು ಬೇಗ ಹಿಡಿಯುತ್ತಾರೆ, ಏಕೆಂದರೆ ಅವರಿಗೆ ಬೆವೆಲ್ ಎಂಬ ಪದ ಗೊತ್ತು. ಕತ್ತಿಯ ಬಾಯಿಯಲ್ಲಿ ಎರಡೂ ಕಡೆಯಿಂದ ಬರುವ ಕೂದಲೆಳೆಯಷ್ಟಗಲದ ಎರಡು ಇಳಿಜಾರುಗಳೇ ಬೆವೆಲ್. ಇವೆರಡೂ ಬುಡದಿಂದ ತುದಿಯವರೆಗೆ ಒಂದು ಗೆರೆಯಲ್ಲಿ ಸೇರಬೇಕು. ಎಲ್ಲಿ ಸೇರಿಲ್ಲವೋ ಅಲ್ಲಿ ಕತ್ತಿ ಮೊಂಡು. ಅದರ ಮೇಲೆ ನೀವು ಯಾವ ದುಬಾರಿ ಕಲ್ಲನ್ನು ಎಷ್ಟು ಹೊತ್ತು ಉಜ್ಜಿದರೂ ಮೊಂಡುತನಕ್ಕೆ ಹೊಳಪು ಬರುತ್ತದೆಯೇ ಹೊರತು ಹರಿತ ಬರುವುದಿಲ್ಲ. ಪರಿಚಿತರೊಬ್ಬರು ಆನ್‌ಲೈನಿನಲ್ಲಿ 12000ದ ಕಲ್ಲೊಂದನ್ನೇ ತರಿಸಿ, ಮೂರು ವಾರ ಉಜ್ಜಿ, ಕನ್ನಡಿಯಂತೆ ಹೊಳೆಯುವ ಕತ್ತಿಯನ್ನು ತಂದು ತೋರಿಸಿದರು. ಅದು ಬೆಣ್ಣೆಯನ್ನೂ ಕುಯ್ಯುತ್ತಿರಲಿಲ್ಲ. 1000ದ ಮೇಲೆ ನಲವತ್ತು ನಿಮಿಷ ಕೂತ ಮೇಲೆ ಅದೇ ಕತ್ತಿ ಮುಂಗೈ ಕೂದಲನ್ನು ಸರಕ್ಕನೆ ತೆಗೆಯಿತು.

ಬೆವೆಲ್ ಸೇರಿತೋ ಇಲ್ಲವೋ ಎಂದು ನೋಡಲು ಸೂಕ್ಷ್ಮದರ್ಶಕವೇ ಬೇಕೆಂದಿಲ್ಲ. ದೀಪದ ಕೆಳಗೆ ಕತ್ತಿಯ ಬಾಯಿಯನ್ನು ಮೇಲ್ಮುಖವಾಗಿ ಹಿಡಿದು ನೇರ ನೋಡಿ. ಹರಿತವಾದ ಬಾಯಿ ಕಣ್ಣಿಗೆ ಕಾಣುವುದಿಲ್ಲ, ಮೊಂಡಾದ ಕಡೆ ಬೆಳಕು ಚುಕ್ಕೆಯಾಗಿ ಮಿಂಚುತ್ತದೆ. ಇನ್ನೊಂದು ಉಪಾಯ: ಪರ್ಮನೆಂಟ್ ಮಾರ್ಕರಿನಿಂದ ಬಾಯಿಯ ಉದ್ದಕ್ಕೂ ಬಣ್ಣ ಬಳಿದು ಕಲ್ಲಿನ ಮೇಲೆ ಎರಡು ಸಲ ಎಳೆಯಿರಿ. ಬಣ್ಣ ಎಲ್ಲಿ ಉಳಿಯಿತೋ ಅಲ್ಲಿಗೆ ಕಲ್ಲು ಮುಟ್ಟಿಲ್ಲ. ಆಮೇಲೆ ಮುಂಗೈ ಕೂದಲು. ಬುಡದಲ್ಲಿ, ನಡುವೆ, ತುದಿಯಲ್ಲಿ, ಮೂರೂ ಕಡೆ ಚರ್ಮದ ಮಟ್ಟದಲ್ಲಿ ಕೂದಲು ಹೋಗುವವರೆಗೆ 1000ದಿಂದ ಮೇಲೆ ಏಳಬೇಡಿ. ನಮ್ಮ ಶುಕ್ರವಾರದ ಬೈಠಕ್ಕಿನಲ್ಲಿ ಹೊಸಬರ ಎಡಗೈ ಬೋಳಾಗಿರುವುದು ವಾಡಿಕೆ.

ಕೊಳ್ಳುವ ವಿಷಯ. 1000ಕ್ಕೆ ಜಪಾನಿನ ಕಿಂಗ್ ಕಲ್ಲು ಅಗ್ಗ, ಕೆಲಸಕ್ಕೆ ಸೋಲುವುದಿಲ್ಲ. 1000/6000 ಜೋಡಿಯಾಗಿಯೂ ಸಿಗುತ್ತದೆ. ಹಣ ತೀರಾ ಬಿಗಿಯಾಗಿದ್ದರೆ ಆ ಒಂದೇ ಕಲ್ಲಿನಿಂದ ಶುರುಮಾಡಿ, 6000ದ ಮೇಲೆ ಮುಗಿಸಿ, ಚರ್ಮದ ಪಟ್ಟಿಗೆ ಕ್ರೋಮಿಯಂ ಆಕ್ಸೈಡಿನ ಹಸಿರು ಪೇಸ್ಟ್ ತೆಳ್ಳಗೆ ಹಚ್ಚಿಕೊಂಡು ನಿಭಾಯಿಸಬಹುದು. ಗಲ್ಲ ಸ್ವಲ್ಪ ಉರಿದೀತು. ನಾರ್ಟನ್‌ನ 4000/8000 ಜೋಡಿ ಹೊಸಬರಿಗೆ ಬಹುಕಾಲದಿಂದ ಹೇಳುತ್ತ ಬಂದ ಕಲ್ಲು. ಸೈಟಿನಲ್ಲಿ ಕಟಿಂಗ್ ಡಿಸ್ಕಿನ ಮೇಲೆ ಓದಿದ ಅದೇ ನಾರ್ಟನ್ ಇದು. ಎಂಟು ಅಂಗುಲ ಉದ್ದ, ಮೂರು ಅಂಗುಲ ಅಗಲ. ಆ ಮೂರು ಅಂಗುಲ ಮುಖ್ಯ. ಕತ್ತಿಯ ಬಾಯಿಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಇಡೀ ಬಾಯಿ ಕಲ್ಲಿನ ಮೇಲೆ ಕೂರುತ್ತದೆ. ಕಿರಿದಾದ ಕಲ್ಲಿನಲ್ಲಿ ಓರೆಯಾಗಿ ಎಳೆದು ಬುಡದಿಂದ ತುದಿಯವರೆಗೆ ಮುಟ್ಟಿಸಬೇಕಾಗುತ್ತದೆ. ಅದೂ ಕಲಿಯಬಹುದಾದ್ದೇ, ಆದರೆ ಮೊದಲ ದಿನಕ್ಕೆ ಕಷ್ಟ.

ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರಿಗೆ ಶಾಪ್ಟನ್ ಅಥವಾ ನಾನಿವಾ ಕಲ್ಲುಗಳು. ಇಲ್ಲಿನ ನಮ್ಮ ಬದುಕಿಗೆ ಇವು ಹೆಚ್ಚು ಹೊಂದುತ್ತವೆ ಎಂಬುದು ನಮ್ಮ ಅಭಿಪ್ರಾಯ, ಕಾರಣ ನೀರು. ಕಿಂಗ್ ಕಲ್ಲನ್ನು ಬಳಸುವ ಮೊದಲು ಹತ್ತು ಹದಿನೈದು ನಿಮಿಷ ನೀರಿನಲ್ಲಿ ಮುಳುಗಿಸಿಡಬೇಕು, ನಾರ್ಟನ್ನಿಗೂ ನೆನೆಸು ಬೇಕು. ಆರು ಜನ ಒಂದು ಬಾತ್‌ರೂಮ್ ಹಂಚಿಕೊಳ್ಳುವ ಕೋಣೆಯಲ್ಲಿ ಬಕೆಟ್ಟಿನಲ್ಲಿ ಕಲ್ಲು ನೆನೆಹಾಕಿದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಶಾಪ್ಟನ್, ನಾನಿವಾಗಳಿಗೆ ಮೇಲೆ ನೀರು ಚಿಮುಕಿಸಿದರೆ ಸಾಕು. ಆದರೆ ಅವಕ್ಕೂ ಒಂದು ನಾಜೂಕು ಇದೆ. ನಾನಿವಾದ ಚೊಸೆರಾದಂಥ ಮೆಗ್ನೀಷಿಯಾ ಬಂಧದ ಕಲ್ಲನ್ನು ಗಂಟೆಗಟ್ಟಲೆ ನೀರಿನಲ್ಲಿಟ್ಟರೆ ಬಂಧ ಕರಗುತ್ತ ಬರುತ್ತದೆ, ಆಮೇಲೆ ಅವಸರದಲ್ಲಿ ಒಣಗಿಸಿದರೆ ಬಿರುಕು ಬಿಡುತ್ತದೆ. ಬಾಲ್ಕನಿಯ ಬಿಸಿಲಿಗೂ, ಎಸಿಯ ನೇರ ಗಾಳಿಗೂ ಕಲ್ಲನ್ನು ಒಡ್ಡಬೇಡಿ. ಬಟ್ಟೆಯಲ್ಲಿ ಒರಸಿ, ನೆರಳಿನಲ್ಲಿ ನಿಧಾನಕ್ಕೆ ಆರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ನಲ್ಲಿಯಲ್ಲಿ ಬರುವ ನೀರು ತಾರಸಿಯ ಟ್ಯಾಂಕಿನಲ್ಲಿ ಕಾದು ಬಂದದ್ದು. ಅದನ್ನು ಪಾತ್ರೆಯಲ್ಲಿ ಹಿಡಿದಿಟ್ಟು ತಣಿದ ಮೇಲೆ ಬಳಸಿ.

ಇಲ್ಲಿನ ಇನ್ನೊಂದು ಶತ್ರು ಧೂಳು. ನಯವಾದ ಮರಳಿನ ಕಣವೂ ನೂರು ಮೈಕ್ರಾನಿನ ಆಸುಪಾಸು ಇರುತ್ತದೆ. 3 ಮೈಕ್ರಾನಿನ ಕಲ್ಲಿನ ಮೇಲೆ ಅಂಥ ಒಂದು ಕಣ ಕೂತರೆ ಬಾಯಿಗೆ ಗೀರು ಖಂಡಿತ. ಧೂಳಿನ ಗಾಳಿ ಬೀಸುವ ದಿನ ಕಿಟಕಿ ಮುಚ್ಚಿ, ಕಲ್ಲು ಬದಲಿಸುವಾಗಲೆಲ್ಲ ಕತ್ತಿ, ಕೈ, ಕಲ್ಲು ಮೂರನ್ನೂ ತೊಳೆಯಿರಿ. ಬಳಸದಾಗ ಕಲ್ಲು ಮುಚ್ಚಳದ ಡಬ್ಬಿಯಲ್ಲಿರಲಿ.

ಸಮತಟ್ಟಿನ ವಿಷಯದಲ್ಲಿ ನಾವು ಸ್ವಲ್ಪ ಹಟಮಾರಿಗಳು. ಕಲ್ಲು ಬಳಸಿದಂತೆ ನಡುವೆ ತಗ್ಗಾಗುತ್ತದೆ. ತಗ್ಗಿದ ಕಲ್ಲಿನ ಮೇಲೆ ಕತ್ತಿಯ ಬಾಯಿ ಎಲ್ಲ ಕಡೆ ಸಮನಾಗಿ ಮುಟ್ಟುವುದಿಲ್ಲ. ಚೂರಿಗೆ ಇದು ನಡೆಯುತ್ತದೆ, ಕ್ಷೌರದ ಕತ್ತಿಗೆ ನಡೆಯುವುದಿಲ್ಲ. ಹೊಸ ಕಲ್ಲೂ ಪೆಟ್ಟಿಗೆಯಿಂದ ಬರುವಾಗ ಸಮತಟ್ಟಾಗಿಯೇ ಇರುತ್ತದೆ ಎಂಬ ಭರವಸೆ ಇಲ್ಲ, ನಾರ್ಟನ್ನನ್ನಂತೂ ಮೊದಲ ದಿನವೇ ಸರಿಮಾಡಿಕೊಳ್ಳಬೇಕು. ವಜ್ರದ ಕಣ ಕೂರಿಸಿದ ಲೋಹದ ಹಲಗೆ ಇದಕ್ಕೆ ಸೊಗಸಾದ ಸಾಧನ, ಬೆಲೆ ಮಾತ್ರ ಕಲ್ಲಿನ ಬೆಲೆಗೇ ಪೈಪೋಟಿ. ಬಡವರ ದಾರಿ ಹೀಗಿದೆ: ದಪ್ಪ ಗಾಜಿನ ಒಂದು ತುಂಡು ಅಥವಾ ಪಾಲಿಶ್ ಮಾಡಿದ ಗ್ರಾನೈಟಿನ ಕಟಾವು ತುಂಡು, ಅದರ ಮೇಲೆ 220ರಿಂದ 400ರೊಳಗಿನ ವಾಟರ್ ಪೇಪರ್. ಇವು ನಮ್ಮವರಿಗೆ ಸೈಟಿನಲ್ಲೇ ಸಿಗುತ್ತವೆ, ಫೋರ್‌ಮನ್ನನ್ನು ಒಂದು ಮಾತು ಕೇಳಿದರೆ ಆಯಿತು. ಕಲ್ಲಿನ ಮುಖದ ಮೇಲೆ ಪೆನ್ಸಿಲಿನಿಂದ ಚೌಕಳಿ ಎಳೆದು, ನೀರು ಬಿಟ್ಟುಕೊಂಡು ಪೇಪರಿನ ಮೇಲೆ ಉಜ್ಜಿ. ಗೆರೆ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ತಗ್ಗು. ಎಲ್ಲ ಗೆರೆ ಅಳಿಸಿದ ಮೇಲೆ ಮತ್ತೊಮ್ಮೆ ಎಳೆದು ನೋಡಿ. ಮೇಲಿನ ಅಂಚುಗಳನ್ನೂ ಸ್ವಲ್ಪ ದುಂಡಗೆ ಉಜ್ಜಿಬಿಡಿ. ಚೂಪು ಅಂಚು ಬಾಯಿಗೆ ತಾಗಿ ಚಕ್ಕೆ ಏಳುತ್ತದೆ.

ಈ ಉಸಾಬರಿಯೇ ಬೇಡ ಎನ್ನುವವರಿಗೆ ಲ್ಯಾಪಿಂಗ್ ಫಿಲ್ಮ್ ಇದೆ. ಟೆಲಿಕಾಂ ಕಡೆಯ ನಮ್ಮ ಗೆಳೆಯರು ಇದನ್ನು ಕಂಡ ಕೂಡಲೇ ನಕ್ಕರು. ಫೈಬರ್ ಆಪ್ಟಿಕ್ ಕನೆಕ್ಟರಿನ ತುದಿಯನ್ನು ಪಾಲಿಶ್ ಮಾಡಲು ಅವರು ದಿನಾ ಬಳಸಿದ ವಸ್ತು ಅದು. ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಅಳತೆ ಮಾಡಿದ ಕಣ, ಹಿಂಬದಿಯಲ್ಲೇ ಮೈಕ್ರಾನ್ ಸಂಖ್ಯೆ. ಗಾಜಿನ ಮೇಲೆ ನೀರಿನಿಂದ ಅಂಟಿಸಿ 12, 9, 3, 1 ಎಂದು ಹಂತ ಹಂತವಾಗಿ ಬಂದರೆ ಕೊನೆಗೆ ಬರುವ ಬಾಯಿ ಒಳ್ಳೆಯ ಕಲ್ಲಿನದಕ್ಕೆ ಕಡಿಮೆಯಲ್ಲ. ಕಲ್ಲು ಸವೆಯುವ ಚಿಂತೆಯಿಲ್ಲ, ಮೊದಲ ಖರ್ಚು ಕಡಿಮೆ, ಊರಿಗೆ ಒಯ್ಯಲು ಭಾರವಿಲ್ಲ. ಹಾಳೆ ಬೇಗ ಸವೆಯುತ್ತದೆ, ಮತ್ತೆ ಮತ್ತೆ ಕೊಳ್ಳಬೇಕು. ಒಂದೇ ಕತ್ತಿ ಇರುವವರಿಗೆ, ಎರಡು ವರ್ಷದ ಕಾಂಟ್ರಾಕ್ಟಿನ ಮೇಲೆ ಬಂದವರಿಗೆ ನಾವು ಇದನ್ನೇ ಹೇಳುತ್ತೇವೆ. ಹತ್ತು ವರ್ಷ ಇಲ್ಲೇ ಇರುವವರು ಕಲ್ಲನ್ನೇ ಕೊಳ್ಳಲಿ.

ಪ್ರಕೃತಿಯ ಕಲ್ಲುಗಳ ಮೋಹ ಬೇರೆಯೇ. ಬೆಲ್ಜಿಯಂನ ಆರ್ಡೆನ್ ಬೆಟ್ಟಗಳಲ್ಲಿ ಸಿಗುವ ಕೋಟಿಕ್ಯೂಲ್ ಎಂಬ ಹಳದಿ ಕಲ್ಲಿನೊಳಗೆ ಗಾರ್ನೆಟ್ ಹರಳುಗಳಿವೆ. ಜರ್ಮನಿಯ ಥುರಿಂಗಿಯಾದ ಬೂದು ಕಲ್ಲು, ಅಮೆರಿಕದ ಆರ್ಕನ್ಸಾದ ಬಿಳಿ ಕಲ್ಲು, ಜಪಾನಿನ ಕ್ಯೋಟೋ ಸುತ್ತಿನ ಕಲ್ಲು, ಪ್ರತಿಯೊಂದಕ್ಕೂ ಭಕ್ತರಿದ್ದಾರೆ. ಕೋಟಿಕ್ಯೂಲ್ ಮೇಲೆ ಸಣ್ಣ ಕಲ್ಲಿನಿಂದ ತೇದರೆ ಹಾಲಿನಂಥ ಕೆಸರು ಏಳುತ್ತದೆ. ಅದು ದಪ್ಪಗಿದ್ದಾಗ ಕಲ್ಲು ಬೇಗ ಕೆರೆಯುತ್ತದೆ, ನೀರು ಬೆರೆಸಿ ತೆಳ್ಳಗಾಗಿಸಿದಂತೆ ನಯವಾಗುತ್ತದೆ. ನಮ್ಮ ಮನೆಗಳಲ್ಲಿ ಗಂಧ ತೇಯುವ ಕಲ್ಲಿಗೂ ಸಾಣೆಕಲ್ಲು ಎಂದೇ ಹೆಸರಿರುವುದನ್ನು ನೆನೆದರೆ ಈ ಕ್ರಿಯೆ ನಮಗೆ ಹೊಸದಲ್ಲ. ಆದರೆ ಪ್ರಕೃತಿಯ ಎರಡು ಕಲ್ಲುಗಳು ಒಂದೇ ಥರ ಇರುವುದಿಲ್ಲ. ತಪ್ಪು ಕೈಯದೋ ಕಲ್ಲಿನದೋ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಅದಕ್ಕೇ ಮೊದಲು ಕೃತಕ ಕಲ್ಲು, ಕೈ ಕೂತ ಮೇಲೆ ಈ ಹುಚ್ಚು. ಅಂದಹಾಗೆ ಬಹುಪಾಲು ಕೃತಕ ನೀರುಕಲ್ಲುಗಳ ಕಣ ಅಲ್ಯುಮಿನಿಯಂ ಆಕ್ಸೈಡ್. ಅದರ ಖನಿಜ ರೂಪಕ್ಕೆ ಇಂಗ್ಲಿಷಿನಲ್ಲಿ ಕೊರಂಡಮ್ ಎನ್ನುತ್ತಾರೆ, ಅದು ನಮ್ಮ ಕಡೆಯ ಪದವೇ, ತಮಿಳಿನ ಕುರುಂದಂ. ಹಳೆ ಮೈಸೂರಿನ ಸೀಮೆಯಲ್ಲೂ ಆ ಖನಿಜ ಸಿಗುತ್ತದೆ. ಜಪಾನಿನಿಂದ ತರಿಸಿದ ಕಲ್ಲಿನಲ್ಲಿ ಪಾವಗಡದ ನೆಂಟಸ್ತಿಕೆ ಕಂಡು ನಮಗೆ ಖುಷಿಯಾಯಿತು.

ಕೊಳ್ಳಬಾರದವೂ ಇವೆ. ಹಾರ್ಡ್‌ವೇರ್ ಅಂಗಡಿಯ ಎರಡು ಬಣ್ಣದ ಕಾರ್ಬೊರಂಡಂ ಕಲ್ಲು ಕೊಡಲಿಗೆ, ಉಳಿಗೆ ಸರಿ. ಅದರ ತರಿ ಕಣ ಕ್ಷೌರದ ಕತ್ತಿಯ ಹತ್ತು ವರ್ಷದ ಆಯುಷ್ಯವನ್ನು ಹತ್ತು ನಿಮಿಷದಲ್ಲಿ ತಿನ್ನುತ್ತದೆ. ಚೂರಿಯನ್ನು ನಡುವೆ ತೂರಿಸಿ ಎಳೆಯುವ ಉಪಕರಣ ಬೇಡವೇ ಬೇಡ. ಬೆಂಚ್ ಗ್ರೈಂಡರ್ ಇನ್ನೂ ಕೆಟ್ಟದ್ದು. ಅಲಗು ಇಷ್ಟು ತೆಳ್ಳಗಿರುವುದರಿಂದ ಕ್ಷಣದಲ್ಲಿ ಕಾದು ನೀಲಿಯಾಗುತ್ತದೆ, ನೀಲಿಯಾದರೆ ಹದ ಹೋಯಿತು ಎಂದು ವೆಲ್ಡಿಂಗ್ ಕೆಲಸದವರಿಗೆ ಹೇಳಬೇಕಿಲ್ಲ.

ಮಸೆಯುವ ಕ್ರಮವನ್ನು ಕಾಗದದ ಮೇಲೆ ಪೂರ್ತಿ ಕಲಿಸಲಾಗದು, ಕೆಲವು ಮಾತು ಮಾತ್ರ ಹೇಳುತ್ತೇವೆ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗಬೇಕು, ಕಲ್ಲಿನಿಂದ ತೆಳು ಪದರ ಹೆರೆಯುವ ಹಾಗೆ. ತುದಿ ಮುಟ್ಟಿದ ಮೇಲೆ ಬೆನ್ನಿನ ಮೇಲೆ ಮಗುಚಿ ವಾಪಸು ಬರಬೇಕು. ಬಾಯಿಯ ಮೇಲೆ ಮಗುಚಿದರೆ ಮಾಡಿದ್ದೆಲ್ಲ ಹೋಯಿತು. ಒತ್ತಡ ಕತ್ತಿಯ ಭಾರದಷ್ಟೇ, 1000ದ ಮೇಲೆ ಶುರುವಿನಲ್ಲಿ ಒಂದಿಷ್ಟು ಹೆಚ್ಚು ನಡೆಯುತ್ತದೆ. ನೀರನ್ನು ಗಮನಿಸಿ. ಬಾಯಿ ಕಲ್ಲಿನ ಮೇಲೆ ಸರಿಯಾಗಿ ಕೂತಿದ್ದರೆ ಮುಂದಿನ ನೀರು ಅಲಗಿನ ಮೇಲೆ ಒಂದೇ ಸಮನೆ ಏರುತ್ತದೆ. ಹಳೆಯ ಕತ್ತಿಯ ಬೆನ್ನು ಸವೆಯಬಾರದು ಎಂದಿದ್ದರೆ ಅದಕ್ಕೆ ಎಲೆಕ್ಟ್ರಿಕಲ್ ಟೇಪಿನ ಒಂದು ಪದರ ಅಂಟಿಸಿ. ಒಮ್ಮೆ ಅಂಟಿಸಿದರೆ ಮುಂದೆಯೂ ಪ್ರತಿಸಲ ಅಂಟಿಸಲೇಬೇಕು, ಟೇಪಿನಿಂದ ಕೋನ ಕೂದಲೆಳೆಯಷ್ಟು ಬದಲಾಗುತ್ತದೆ. ಕೊನೆಗೆ ಚರ್ಮದ ಪಟ್ಟಿ. ಅಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ. ಮೊದಲು ಬಟ್ಟೆಯ ಮೇಲೆ ಇಪ್ಪತ್ತು ಸಲ, ಆಮೇಲೆ ಚರ್ಮದ ಮೇಲೆ ಐವತ್ತು ಸಲ. ದಿನವೂ ಹೀಗೆ ಪಟ್ಟಿಗೆ ಎಳೆಯುತ್ತಿದ್ದರೆ ಕಲ್ಲಿನ ಹತ್ತಿರ ತಿಂಗಳುಗಟ್ಟಲೆ ಹೋಗಬೇಕಾಗಿಲ್ಲ, ಹೋದರೂ 8000ದ ಮೇಲೆ ಹತ್ತಿಪ್ಪತ್ತು ಎಳೆತ ಸಾಕು.

ಅಭ್ಯಾಸವನ್ನು ಅಜ್ಜನ ಕತ್ತಿಯ ಮೇಲೆ ಮಾಡಬೇಡಿ. ಅಗ್ಗದ ಇನ್ನೊಂದು ಕತ್ತಿ ಕೊಂಡು ಅದರ ಮೇಲೆ ಕೈ ಪಳಗಿಸಿ. ಅದಕ್ಕಿಂತ ಒಳ್ಳೆಯ ದಾರಿಯೂ ಇದೆ: ಬಲ್ಲವರ ಕೈಗೆ ಒಮ್ಮೆ ಕೊಟ್ಟು ಬಾಯಿ ಕಟ್ಟಿಸಿಕೊಂಡು, ಹರಿತವೆಂದರೆ ಹೇಗಿರುತ್ತದೆ ಎಂದು ಮುಖದ ಮೇಲೆ ಅರಿತುಕೊಂಡು, ಆಮೇಲೆ ಕಲ್ಲಿಗೆ ಕೂರುವುದು.

ಬಲ್ಲವರು ಯಾರು ಎಂದು ದೂರ ಹುಡುಕಬೇಕಿಲ್ಲ. ಊರಿನಲ್ಲಿ ಈ ವಿದ್ಯೆ ಹಡಪ ಹೊತ್ತು ಮನೆಮನೆಗೆ ಬರುತ್ತಿದ್ದ ಕ್ಷೌರಿಕರದಾಗಿತ್ತು. ಅಂಗೈಯಷ್ಟು ಕಲ್ಲು, ಒಂದು ತೊಗಲಿನ ಪಟ್ಟಿ, ಅದಿಲ್ಲದಿದ್ದರೆ ತಮ್ಮದೇ ಅಂಗೈ. ಮೈಕ್ರಾನ್ ಎಂಬ ಪದ ಕೇಳದೆ ಅವರು ಇಡೀ ಊರಿನ ಗಲ್ಲ ಕಾಯ್ದರು. ಸುಗ್ಗಿಯಲ್ಲಿ ಆಯದ ಕಾಳು ಅಳೆದುಕೊಟ್ಟ ಊರು ಅವರನ್ನು ಜಗಲಿಯಿಂದ ಈಚೆಗೆ ಬಿಟ್ಟುಕೊಳ್ಳಲಿಲ್ಲ. ಈಗ ನಾವು ಅದೇ ವಿದ್ಯೆಯನ್ನು ಹವ್ಯಾಸ ಎಂದು ಕರೆದು, ಜರ್ಮನಿ ಜಪಾನಿನ ಹೆಸರು ಹೇಳಿ, ತಿಂಗಳ ಉಳಿತಾಯ ಸುರಿಯುತ್ತಿದ್ದೇವೆ. ಆ ಮನೆತನಗಳ ಮಕ್ಕಳು ಇಲ್ಲಿನ ಸಲೂನುಗಳಲ್ಲಿ ನಮ್ಮ ನಡುವೆಯೇ ದುಡಿಯುತ್ತಿದ್ದಾರೆ. ನಮ್ಮ ಬೈಠಕ್ಕಿನ ಸಲೂನಿನ ಗೆಳೆಯರು ಬಾಲ್ಯದಲ್ಲಿ ತಂದೆಯ ಪಕ್ಕ ಕೂತು ಕಲ್ಲಿಗೆ ನೀರು ಹನಿಸಿದವರು. ಅಲಗು ಕಲ್ಲಿನ ಮೇಲೆ ಓಡುವ ಸದ್ದು ಕೇಳಿಯೇ ಬೆವೆಲ್ ಎಲ್ಲಿ ಸೇರಿಲ್ಲ ಎಂದು ಹೇಳುತ್ತಾರೆ. ಮಿಕ್ಕವರು ಮಾರ್ಕರ್ ಹಚ್ಚಿ ನೋಡಿ, ಅವರು ಹೇಳಿದ್ದೇ ಸರಿ ಎಂದು ತಲೆಯಾಡಿಸುತ್ತೇವೆ. ಅಂಥವರಿಂದ ಕಲಿಯಿರಿ, ಕಲಿತದ್ದಕ್ಕೆ ಸಂಭಾವನೆ ಕೊಡಿ. ಕಂಪ್ಯೂಟರ್ ರಿಪೇರಿಗೆ ಕೊಡುವುದಿಲ್ಲವೆ, ಹಾಗೆ.

ಹಂಚಿಕೊಂಡ ಕೋಣೆಗಳಲ್ಲಿ ಇರುವವರಿಗೆ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಕತ್ತಿ ಒಬ್ಬರದೇ ಆಗಿರಲಿ. ರೂಮ್‌ಮೇಟ್ ಎಷ್ಟೇ ಆಪ್ತನಾದರೂ ಕೊಡಬೇಡಿ, ಅವನದನ್ನು ಮುಖಕ್ಕೆ ಮುಟ್ಟಿಸಬೇಡಿ. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಕ್ತದಿಂದ ಹರಡುತ್ತವೆ. ಕಣ್ಣಿಗೆ ಕಾಣದ ಗೀರು ಸಾಕು, ಸೋಪುನೀರಿನಲ್ಲಿ ತೊಳೆದರೆ ಕತ್ತಿ ಶುದ್ಧವಾಯಿತು ಎಂದುಕೊಳ್ಳಬಾರದು. ಹಾಗೆಯೇ ಈ ಕತ್ತಿಯಿಂದ ಇನ್ನೊಬ್ಬರಿಗೆ ಕ್ಷೌರ ಮಾಡುವುದೂ ಬೇಡ. ಸಲೂನಿನ ಗೆಳೆಯರು ಕೆಲಸದಲ್ಲಿ ಒಮ್ಮೆ ಬಳಸಿ ಎಸೆಯುವ ಬ್ಲೇಡನ್ನೇ ಬಳಸುತ್ತಾರೆ, ಅದೇ ಸರಿ.

ತುಕ್ಕಿನ ವಿಷಯಕ್ಕೆ ನಮ್ಮ ಕರಾವಳಿಯವರಿಗೆ ಹೊಸ ಪಾಠ ಬೇಡ. ಹಳೆಯ ಕತ್ತಿಗಳು ಬಹುತೇಕ ಕಾರ್ಬನ್ ಉಕ್ಕಿನವು, ಆಗಸ್ಟ್ ತಿಂಗಳ ಇಲ್ಲಿನ ಸೆಕೆಗಾಳಿಯಲ್ಲಿ ಒಂದು ರಾತ್ರಿ ಒದ್ದೆಯಾಗಿದ್ದರೆ ಸಾಕು, ಬೆಳಗ್ಗೆ ಬಾಯಿಯಲ್ಲಿ ಚುಕ್ಕೆ. ಬಳಸಿದ ಮೇಲೆ ಒರಸಿ, ಹಿಡಿಯ ಸಂದಿನಲ್ಲಿ ನೀರು ಉಳಿಯದಂತೆ ಟಿಶ್ಯೂ ತೂರಿಸಿ ತೆಗೆದು, ಪಟ್ಟಿಗೆ ನಾಲ್ಕು ಸಲ ಎಳೆದು, ಒಂದು ಹನಿ ಮಿನರಲ್ ಎಣ್ಣೆ ಸವರಿಡಿ. ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ಬಾತ್‌ರೂಮಿನ ಕಪಾಟಿನಲ್ಲಿ ಇಡಬೇಡಿ.

ಕತ್ತಿಯನ್ನು ಜೇಬಿನಲ್ಲಿ, ಕಾರಿನಲ್ಲಿ ಇಟ್ಟುಕೊಂಡು ಓಡಾಡಬೇಡಿ. ಊರಿಗೆ ಹೋಗುವಾಗಲೂ ಬರುವಾಗಲೂ ಅದು ಚೆಕ್‌ಇನ್ ಲಗೇಜಿನಲ್ಲೇ ಇರಬೇಕು. ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ಅಲ್ಲಿ ಅಜ್ಜನ ಕಥೆ ನಡೆಯುವುದಿಲ್ಲ. ಮಡಚಿದ ಕತ್ತಿಗೆ ರಬ್ಬರ್ ಬ್ಯಾಂಡ್ ಹಾಕಿ, ಗಟ್ಟಿ ಡಬ್ಬಿಯಲ್ಲಿಟ್ಟು, ಬಟ್ಟೆಗಳ ನಡುವೆ ಇಡಿ. ಕಲ್ಲನ್ನು ಪೂರ್ತಿ ಒಣಗಿಸಿ, ಬೇರೆ ಟವೆಲ್ಲಿನಲ್ಲಿ ಸುತ್ತಿ. ಬಿದ್ದರೆ ಎರಡಾಗುತ್ತದೆ, ಮೂವತ್ತು ಕಿಲೋ ಲಗೇಜಿನ ಲೆಕ್ಕದಲ್ಲಿ ಎರಡು ಕಲ್ಲಿಗೆ ಒಂದೂವರೆ ಎರಡು ಕಿಲೋ ಹಿಡಿದಿಟ್ಟುಕೊಳ್ಳಿ.